ಮುಳುಗಡೆ ನಾಡಿನ ಮಕ್ಕಳು ಮತ್ತು ಇಂಜಿನಿಯರಿಂಗ್ ವ್ಯಾಸಂಗದ ಮೊದಲೆರಡು ವರ್ಷ

ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿದು, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳು ಊರು ಬಿಟ್ಟು ಕೆಲವು ತಿಂಗಳುಗಳಾದವು. ಕೆಲವರು ಶಿವಮೊಗ್ಗದ ಕಾಲೇಜುಗಳಲ್ಲಿ ನೆಲೆ ಕಂಡುಕೊಂಡಿದ್ದಾರೆ. ಹೆಚ್ಚಿನವರು ತಾಳಗುಪ್ಪದಿಂದ ರಾತ್ರಿ ಹೊರಡುವ ಮೈಸೂರು ರೈಲು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದಿದ್ದಾರೆ. ಸೀಟು ಸಿಗುವವರೆಗೆ ಮನೆಮಂದಿಯೆಲ್ಲ ಸೇರಿ ಚಿಂತಿಸುತ್ತಾರೆ. ಸೀಟು ಸಿಕ್ಕ ಮರುದಿನದಿಂದ ಆ ಚಿಂತೆ ಮಗುವೊಂದರದೇ ಆಗಿಬಿಡುತ್ತದೆ. ಪತ್ರಿಕೆಗಳೂ ಹಾಗೆಯೇ. ರ‍್ಯಾಂಕು, ಶುಲ್ಕ, ಸೀಟುಗಳ ಸಂಖ್ಯೆ ಇವುಗಳ ಬಗ್ಗೆ ಪುಟಗಟ್ಟಲೆ ಬರೆಯುವವರು ಮೊದಲ ಸೆಮಿಸ್ಟರಿನ ನವೆಂಬರ್ ತಿಂಗಳಿನ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಈ ಲೇಖನ ಆ ತಿಂಗಳುಗಳನ್ನು ಕುರಿತದ್ದು.

ಲಿಂಗನಮಕ್ಕಿಯ ಸುತ್ತಣ ಸೀಮೆಗೂ ಇಂಜಿನಿಯರಿಂಗ್ ವಿದ್ಯೆಗೂ ಇರುವ ಸಂಬಂಧ ಬೇರೆ ಊರುಗಳದ್ದರಂತಲ್ಲ. 1964ರಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟಿನ ಹಿಂದೆ ನೀರು 1819 ಅಡಿಯವರೆಗೆ ಏರಿದಾಗ ಗದ್ದೆ, ತೋಟ, ದೇವಸ್ಥಾನ, ಶಾಲೆಗಳು ಮುಳುಗಿದವು. ಅದಕ್ಕೂ ಮುನ್ನ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನೊಳಗೆ ಸೇರಿತು. ಬರಗಾಲದ ವರ್ಷಗಳಲ್ಲಿ ಮಾತ್ರ ಅದು ತಲೆಯೆತ್ತಿ ತೋರುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿ 1035 ಮೆಗಾವಾಟ್ ಸಾಮರ್ಥ್ಯ. ಆ ಬೆಳಕು ನಾಡಿಗೆಲ್ಲ ಹರಿಯಿತು. ನೆಲ ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇಂದಿಗೂ ತಾವು ಉಳುವ ಭೂಮಿಯ ಹಕ್ಕುಪತ್ರ ಕೈಸೇರಿಲ್ಲ. ಇಂಜಿನಿಯರು ಎಂದರೆ ಅಜ್ಜನ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಕಲ್ಲು ನೆಟ್ಟು ಮಟ್ಟ ಹಿಡಿದವನು. ಮೊಮ್ಮಗನ ಕಾಲದಲ್ಲಿ ಮನೆಯ ಸಾಲ ತೀರಿಸಬೇಕಾದವನು. ಈ ಎರಡರ ನಡುವೆ ಒಂದು ಜೀವಮಾನದಷ್ಟೇ ಅಂತರವಿದೆ.

ತುಮರಿ, ಬ್ಯಾಕೋಡು ಕಡೆಯ ಮಕ್ಕಳು ಮೊನ್ನೆ ಮೊನ್ನೆಯವರೆಗೆ ಲಾಂಚಿನ ವೇಳೆಗೆ ತಕ್ಕಂತೆ ಬದುಕಿದವರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಕಾಯಿಲೆಯವರೂ ಈಚೆ ದಡದಲ್ಲೇ ಉಳಿಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಹೊಳೆ ದಾಟುವ ಕಷ್ಟ ಮುಗಿಯಿತು. ಆದರೆ ಹೊಳೆ ದಾಟಿದ ಮಗು ತರಗತಿಯಲ್ಲಿ ಕುಳಿತ ಮೇಲೆ ದಾಟಬೇಕಾದದ್ದಕ್ಕೆ ಸೇತುವೆ ಕಟ್ಟುವವರು ಯಾರು?

ಮೊದಲ ತೊಡಕು ಭಾಷೆಯದು, ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧಸತ್ಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿಯ ಎರಡು ವರ್ಷಗಳಲ್ಲಿ ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಹೇಗೋ ಒಗ್ಗಿಸಿಕೊಂಡಿರುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇರುವುದರಿಂದ ಒಳ್ಳೆಯ ಕಾಲೇಜುಗಳ ಬಾಗಿಲೂ ತೆರೆಯುತ್ತದೆ. ಪಾಠ ಅರ್ಥವಾಗದಿರುವುದಕ್ಕಿಂತ ಹೆಚ್ಚಾಗಿ ಅದನ್ನು ಕಾಡುವುದು, ಅರ್ಥವಾಗಲಿಲ್ಲ ಎಂದು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಬೇಕಲ್ಲ ಎಂಬ ಅಳುಕು. ಅರುವತ್ತು ಮಂದಿಯ ಎದುರು ಒಂದು ವಾಕ್ಯ ತಪ್ಪಿದರೆ ಎಂಬ ಭಯದಲ್ಲಿ ಒಂದು ಪ್ರಶ್ನೆ ನುಂಗಿಕೊಳ್ಳುತ್ತದೆ. ಮರುದಿನದ ಪಾಠ ಆ ನುಂಗಿದ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಗಣಿತದಲ್ಲಿ, ಪ್ರೋಗ್ರಾಮಿಂಗಿನಲ್ಲಿ ಹೀಗೆ ಮೂರು ವಾರ ಕಳೆದರೆ ಸಾಕು, ಮುಂದಿನದೆಲ್ಲ ಕತ್ತಲೆ.

ಇಂಜಿನಿಯರಿಂಗನ್ನು ಕನ್ನಡದಲ್ಲೇ ಕಲಿಸೋಣ ಎಂಬ ಪ್ರಯತ್ನವೂ ನಡೆಯಿತು. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬೋಧನೆಗೆ ಅನುಮತಿ ನೀಡಿದಾಗ ಕರ್ನಾಟಕದ ಕೆಲವು ಕಾಲೇಜುಗಳು ಮುಂದೆ ಬಂದವು. ಆರಿಸಿಕೊಂಡ ವಿದ್ಯಾರ್ಥಿಗಳು ಬೆರಳೆಣಿಕೆಯವರು. ಕನ್ನಡದ ವಿದ್ಯಾರ್ಥಿಯಾಗಿದ್ದವನಿಗೆ ಇದು ನೋವಿನ ಸಂಗತಿಯೇ. ಆದರೆ ಪೋಷಕರನ್ನು ದೂಷಿಸಲಾರೆ. ಕೆಲಸ ಕೊಡುವ ಕಂಪನಿ ಸಂದರ್ಶನವನ್ನು ಕನ್ನಡದಲ್ಲಿ ನಡೆಸುವುದಿಲ್ಲ ಎಂಬುದು ಅವರಿಗೆ ತಿಳಿದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮೊದಲ ವರ್ಷಕ್ಕೆ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಎಂಬ ವಿಷಯಗಳನ್ನು ಇಟ್ಟಿದೆ. ಬೇಕಾದದ್ದೇ. ಆದರೆ ನಮ್ಮ ಮಕ್ಕಳಿಗೆ ಕನ್ನಡದ ಅಗತ್ಯವಿರುವುದು ಆ ಒಂದು ಗಂಟೆಯಲ್ಲಲ್ಲ. ಸರ್ಕ್ಯೂಟಿನ ತರಗತಿ ಮುಗಿದ ಮೇಲೆ ಅಧ್ಯಾಪಕರ ಕೊಠಡಿಯಲ್ಲಿ, ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳುವ ಹತ್ತು ನಿಮಿಷಗಳಲ್ಲಿ. ಅದಕ್ಕೆ ಪಠ್ಯಕ್ರಮದ ತಿದ್ದುಪಡಿ ಬೇಡ, ಅಧ್ಯಾಪಕರ ಮನಸ್ಸು ಸಾಕು.

ಪ್ರಶ್ನಿಸುವ ಧೈರ್ಯದ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪರಂಪರೆಯಿದೆ. ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಎರಡೂ ಪಕ್ಕದ ಶಿಕಾರಿಪುರ ತಾಲ್ಲೂಕಿನವು. ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ಆ ತರುಣಿಯನ್ನು ಅನುಭವ ಮಂಟಪದಲ್ಲಿ ಅಲ್ಲಮರು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರೆಂಬುದು ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು. ಆಕೆ ತಲೆತಗ್ಗಿಸಲಿಲ್ಲ, ತನ್ನ ಊರಿನ ಮಾತಿನಲ್ಲೇ ಉತ್ತರಿಸಿದಳು. ಅಲ್ಲಿದ್ದ ಹಿರಿಯರು ಆಕೆಯ ಉತ್ತರವನ್ನು ತೂಗಿದರೇ ಹೊರತು ಆಕೆಯ ವಯಸ್ಸನ್ನಾಗಲಿ ಊರನ್ನಾಗಲಿ ತೂಗಲಿಲ್ಲ. ಹೊಸಬರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ಎಐಸಿಟಿಇ ಈಗ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ರೂಪಿಸಿದೆ. ಎಷ್ಟೋ ಕಡೆ ಅದು ಎರಡು ದಿನಗಳ ಭಾಷಣ ಮತ್ತು ಛಾಯಾಚಿತ್ರಗಳಲ್ಲಿ ಮುಗಿಯುತ್ತದೆ.

ಎರಡನೆಯದು ಹಣ. ಎಲೆಚುಕ್ಕೆ ರೋಗ ಬಂದ ಮೇಲೆ ಮಲೆನಾಡಿನ ಅಡಿಕೆ ತೋಟಗಳ ಸ್ಥಿತಿ ಏನಾಗಿದೆಯೆಂಬುದನ್ನು ಈ ಭಾಗದ ಓದುಗರಿಗೆ ವಿವರಿಸಬೇಕಿಲ್ಲ. ಫಸಲು ಅರ್ಧಕ್ಕಿಳಿದ ಮನೆಯಿಂದ ಬಂದ ಹುಡುಗ ಮೊದಲ ಆಂತರಿಕ ಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೆರಡು ಅಂಕ ಪಡೆದಾಗ, ಆ ಹನ್ನೆರಡನ್ನು ಅವನು ಅಂಕವಾಗಿ ನೋಡುವುದಿಲ್ಲ. ಅಪ್ಪನ ಸಾಲವಾಗಿ ನೋಡುತ್ತಾನೆ. ಊರಿನಲ್ಲಿ ಶೇ. 95 ತೆಗೆದು ಸನ್ಮಾನದ ಶಾಲು ಹೊದ್ದವನಿಗೆ ಇದು ಬದುಕಿನ ಮೊದಲ ಸೋಲು. ಅಂಥವನು ಮಾಡುವ ಮೊದಲ ಕೆಲಸ ಸುಳ್ಳು ಹೇಳುವುದು. ಎಲ್ಲ ಚೆನ್ನಾಗಿದೆ ಎಂದು ಫೋನಿನಲ್ಲಿ ಹೇಳುತ್ತಾನೆ. ಒಮ್ಮೆ ಹೇಳಿದ ಮೇಲೆ ಮುಂದಿನ ವಾರವೂ ಅದನ್ನೇ ಹೇಳಬೇಕಾಗುತ್ತದೆ. ಶ್ರೀಮಠಕ್ಕೆ ಬರುವ ಪೋಷಕರಲ್ಲಿ ಮಗನ ಬಾಕಿ ವಿಷಯಗಳ ಸಂಗತಿ ಮೂರನೆಯ ಸೆಮಿಸ್ಟರಿನಲ್ಲಿ ತಿಳಿಯಿತೆಂದು ಹೇಳಿಕೊಳ್ಳುವವರು ಒಬ್ಬಿಬ್ಬರಲ್ಲ.

ಇದು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆಗಳೆಲ್ಲವೂ ಪಾಲಿಸಬೇಕಾದ ಹದಿನೈದು ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕು. ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರ್ಪಡಿಸಬಾರದು, ಎಲ್ಲರೆದುರು ಹೀಯಾಳಿಸಬಾರದು. ಆದೇಶ ಸ್ಪಷ್ಟವಾಗಿದೆ. ಮಗುವನ್ನು ಸೇರಿಸುವ ಮುನ್ನ ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುವ ಪೋಷಕರು, ಆಪ್ತಸಮಾಲೋಚಕರು ಯಾರು, ಎಂದು ಸಿಗುತ್ತಾರೆ ಎಂದು ಕೇಳುವುದನ್ನೂ ರೂಢಿಸಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಈ ಐದು ಅಂಕೆಗಳನ್ನು ದಯವಿಟ್ಟು ಮಕ್ಕಳ ಫೋನಿನಲ್ಲಿ ಬರೆಸಿಡಿ.

ಲಿಂಗಾಯತ ಸಮಾಜ ತಾಂತ್ರಿಕ ಶಿಕ್ಷಣಕ್ಕೆ ಕೊಟ್ಟ ಕೊಡುಗೆ ಸಣ್ಣದಲ್ಲ. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು 1947ರದು, ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಕಾಲೇಜು 1958ರದು. ತುಮಕೂರಿನ ಸಿದ್ಧಗಂಗಾ, ಮೈಸೂರಿನ ಶ್ರೀ ಜಯಚಾಮರಾಜೇಂದ್ರ, ಬಾಗಲಕೋಟೆಯ ಬಸವೇಶ್ವರ ಕಾಲೇಜುಗಳು ಮೂರೂ ಆರಂಭವಾದದ್ದು 1963ರಲ್ಲಿ, ಅಂದರೆ ಲಿಂಗನಮಕ್ಕಿಯ ಗೋಡೆ ಮೇಲೇಳುತ್ತಿದ್ದ ಕಾಲದಲ್ಲಿ. ಆಗಿನ ಬಡ ಮಗುವಿಗೆ ಬೇಕಾಗಿದ್ದುದು ಎರಡು ಹೊತ್ತಿನ ಪ್ರಸಾದ, ಮಲಗಲು ಜಾಗ, ಓದಲು ದೀಪ. ಮಠಗಳು ಅದನ್ನು ಕೊಟ್ಟವು, ಈಗಲೂ ಕೊಡುತ್ತಿವೆ. ಆದರೆ ಪ್ರಸಾದ ನಿಲಯದಲ್ಲಿ ನೂರು ಮಂದಿಯೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಸಂಜೆ ಒಟ್ಟಿಗೆ ಪ್ರಾರ್ಥನೆ ಮಾಡಿ ಬೆಳೆದ ಹುಡುಗ ಕಳೆದುಹೋಗುತ್ತಿರಲಿಲ್ಲ. ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಿದ್ದರೆ ಯಾರೋ ಒಬ್ಬರು ವಿಚಾರಿಸುತ್ತಿದ್ದರು. ಇಂದಿನ ಪೇಯಿಂಗ್ ಗೆಸ್ಟ್ ಕೊಠಡಿಯಲ್ಲಿ ಮೂರು ದಿನ ಊಟ ಬಿಟ್ಟರೂ ಯಾರ ಗಮನಕ್ಕೂ ಬಾರದು. ಮಹಾನಗರಗಳಲ್ಲಿ ಓದುತ್ತಿರುವ ನಮ್ಮ ಭಾಗದ ಮಕ್ಕಳನ್ನು ತಿಂಗಳಿಗೊಮ್ಮೆ ಒಂದೆಡೆ ಸೇರಿಸಿ, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕನ್ನಡದಲ್ಲಿ ಪಾಠ ಬಿಡಿಸಿ ಹೇಳುವ ಏರ್ಪಾಡು ಮಾಡುವುದಕ್ಕೆ ದೊಡ್ಡ ಕಟ್ಟಡವೇನೂ ಬೇಕಿಲ್ಲ. ದಾಸೋಹವೆಂದರೆ ಅನ್ನ ಮಾತ್ರವೆಂದು ಶರಣರು ಎಲ್ಲಿಯೂ ಹೇಳಲಿಲ್ಲ.

ಕೃತಕ ಬುದ್ಧಿಮತ್ತೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಮೊದಲ ವರ್ಷದ ಅಸೈನ್‌ಮೆಂಟುಗಳನ್ನು ಯಂತ್ರದಿಂದ ಬರೆಯಿಸಿ ಒಪ್ಪಿಸುವುದು ಈಗ ಸಾಮಾನ್ಯವಾಗಿದೆ. ನಿಷೇಧ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅರ್ಥವಾಗದ್ದನ್ನು ಕನ್ನಡದಲ್ಲಿ ಮತ್ತೊಮ್ಮೆ ವಿವರಿಸು ಎಂದು ಅದನ್ನು ಕೇಳುವ ವಿದ್ಯಾರ್ಥಿ ಲಾಭವನ್ನೇ ಪಡೆಯುತ್ತಾನೆ. ಆದರೆ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕದ ಅಳತೆಯದಲ್ಲವೆಂದು ಲಕ್ಕಮ್ಮ ಹಿಂದಿರುಗಿಸಲು ಕಳುಹಿಸಿದ ಪ್ರಸಂಗ ನಮ್ಮ ಮಕ್ಕಳಿಗೆ ಬಾಲ್ಯದಿಂದ ತಿಳಿದದ್ದೇ. ತಾನು ದುಡಿಯದ ಉತ್ತರದಿಂದ ಬಂದ ಅಂಕ ಅಂಥ ಅಕ್ಕಿಯೇ. ಆಂತರಿಕ ಮೌಲ್ಯಮಾಪನದ ಐವತ್ತರಲ್ಲಿ ಅದು ಒದಗಬಹುದು, ಸೆಮಿಸ್ಟರ್ ಪರೀಕ್ಷೆಯ ಐವತ್ತರಲ್ಲಿ ಒದಗದು.

ಶಾಖೆಯ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ರುಚಿಸದಿರಬಹುದು. 2024-25ರಿಂದ ಎಐಸಿಟಿಇ ಸೀಟುಗಳ ಗರಿಷ್ಠ ಮಿತಿಯನ್ನು ಸಡಿಲಿಸಿದ ಮೇಲೆ ಕಂಪ್ಯೂಟರ್ ವಿಜ್ಞಾನದ ಸೀಟುಗಳು ಏರುತ್ತಲೇ ಇವೆ; ಸಿವಿಲ್, ಮೆಕ್ಯಾನಿಕಲ್ ಶಾಖೆಗಳನ್ನು ಕೇಳುವವರಿಲ್ಲ. ಎಲ್ಲರೂ ಹೋಗುವ ಕಡೆಗೆ ಮಗುವನ್ನು ತಳ್ಳಿ, ಎರಡನೆಯ ವರ್ಷದಲ್ಲಿ ಅದಕ್ಕೆ ಆಸಕ್ತಿಯೇ ಇಲ್ಲವೆಂದು ತಿಳಿಯುವುದು ದುಬಾರಿಯಾದ ಪಾಠ. ಇತ್ತ ನಮ್ಮ ಹೊಳೆಯ ದಂಡೆಯಲ್ಲೇ ನೋಡಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ವಿದ್ಯುತ್ ಮಿಕ್ಕ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ವಿಧಾನ ಅದು. ಎತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಆ ನಷ್ಟಕ್ಕೂ ಕಾಡಿಗೂ ಬದಲಾಗಿ ಜಾಲಕ್ಕೆ ಸಿಗುವ ಅನುಕೂಲ ಎಷ್ಟು ಎಂಬುದೇ ವಾದದ ತಿರುಳು. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನರ ವಿರೋಧ ಜೋರಾಗಿಯೇ ಕೇಳಿಬಂತು. ಪರ-ವಿರೋಧಗಳ ತೀರ್ಮಾನ ಈ ಲೇಖನದ ವಿಷಯವಲ್ಲ. 1960ರ ದಶಕದಲ್ಲಿ ಮಟ್ಟದ ಕಲ್ಲು ನೆಟ್ಟಾಗ ಅದರ ಮೇಲಿನ ಅಂಕೆಯ ಅರ್ಥವೇನೆಂದು ಕೇಳಬಲ್ಲವರು ಊರಿನಲ್ಲಿ ವಿರಳವಾಗಿದ್ದರು. ಈಗ ಅಂಥ ಲೆಕ್ಕವನ್ನು ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ ಬಿಡಿಸಬಲ್ಲ. ರಜೆಗೆ ಬಂದಾಗ ಆ ವರದಿಯ ಪುಟಗಳನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳುವಂತೆ ಅವನನ್ನು ಕೇಳಿ ನೋಡಬಹುದು.