ಕಣ್ಣಿಗೂ ಬಿಡುವು ಬೇಕು

ಎಚ್ಚರದಿಂದ ಕಾಯುವವನನ್ನು ಕುರಿತು 'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ' ಎಂದು ನಮ್ಮ ಜನ ಹೇಳುವುದುಂಟು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಬಹುಕಾಲ ಉಪಾಧ್ಯಾಯನಾಗಿದ್ದ ನಾನು 'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿರಿ' ಎಂದು ಮಕ್ಕಳಿಗೆ ಅನೇಕ ಸಲ ಹೇಳಿದ್ದೇನೆ. ಈಗ ಆ ಮಾತನ್ನು ಹಿಂದೆಗೆದುಕೊಳ್ಳಬೇಕೆನಿಸುತ್ತದೆ. ಇಂದಿನ ಮಕ್ಕಳ ಕಣ್ಣಿಗೆ ದುಡಿಮೆ ಸಾಕಷ್ಟಿದೆ, ಇಲ್ಲದಿರುವುದು ಬಿಡುವು.

ಕೊರೋನಾ ಪಿಡುಗಿನಿಂದ ಮುಚ್ಚಿದ್ದ ಶಾಲೆಗಳು 2021ರಲ್ಲಿ ಮತ್ತೆ ತೆರೆದವು. ತಿಂಗಳುಗಟ್ಟಲೆ ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಪಾಠ ಕೇಳಿದ್ದ ಮಕ್ಕಳು ತರಗತಿಗೆ ಬಂದರು. ಹಿಂದಿನ ಸಾಲಿನ ಹುಡುಗನೊಬ್ಬ ಪದೇ ಪದೇ ಕಣ್ಣುಜ್ಜಿಕೊಳ್ಳುತ್ತ, ಕಪ್ಪುಹಲಗೆಯ ಮೇಲಿನದನ್ನು ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದ. ಸೋಮಾರಿಯೆಂದು ಬಗೆದು ನಾನು ಅವನನ್ನು ಎಲ್ಲರೆದುರು ಗದರಿಸಿದೆ. ಅವನು ತಲೆತಗ್ಗಿಸಿ, "ಕಾಣ್ಸಲ್ಲ ಸಾರ್" ಎಂದ. ವೈದ್ಯರು ಪರೀಕ್ಷಿಸಿ ಕನ್ನಡಕ ಕೊಟ್ಟ ಬಳಿಕ ಅವನ ಬರಹ ಸರಿಹೋಯಿತು. ನನ್ನ ತಪ್ಪು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅವನ ದೋಷಕ್ಕೆ ಮೊಬೈಲೇ ಕಾರಣವೆಂದು ನಾನು ಹೇಳಲಾರೆ. ಆದರೆ ಕಣ್ಣಿನ ದೂರನ್ನು ಕೂಡಲೇ ಹೇಳಬೇಕು, ಹಿರಿಯರು ಅದನ್ನು ಕೇಳಬೇಕು ಎಂಬುದನ್ನು ಅಂದು ಕಲಿತೆ.

ಕಣ್ಣು ದಣಿಯುವುದೇಕೆ? ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣೊಳಗಿನ ಸಣ್ಣ ಸ್ನಾಯುವೊಂದು ಬಿಗಿದುಕೊಳ್ಳುತ್ತದೆ. ದೂರ ನೋಡಿದಾಗ ಸಡಿಲಗೊಳ್ಳುತ್ತದೆ. ಗಂಟೆಗಟ್ಟಲೆ ಪರದೆಯನ್ನೇ ನೋಡುವವನ ಕಣ್ಣು, ಮುಷ್ಟಿಯನ್ನು ಬಿಚ್ಚದೆ ಹಿಡಿದವನ ಕೈಯಂತೆ ಬಳಲುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ, ಪರದೆಯ ಮುಂದೆ ಅದರ ಅರ್ಧಕ್ಕೆ ಇಳಿಯಬಹುದು. ಆಗ ಕಣ್ಣನ್ನು ತೇವವಾಗಿಡುವ ನೀರಿನ ಪದರ ಒಣಗಿ ಉರಿ, ಮಂಜು, ತಲೆನೋವು ತೋರುತ್ತವೆ. ಈ ಬಳಲಿಕೆ ವಿಶ್ರಾಂತಿಯಿಂದ ಕಳೆಯತಕ್ಕದ್ದು. ಸಮೀಪದೃಷ್ಟಿ ದೋಷ ಬೇರೆ. ಅದಕ್ಕೆ ಕನ್ನಡಕ ಬೇಕು. ಬಯಲಿಗೆ ಬಾರದೆ ಹತ್ತಿರದ್ದನ್ನೇ ನೋಡುವ ಮಕ್ಕಳಲ್ಲಿ ಆ ದೋಷ ಹೆಚ್ಚೆಂದು ವೈದ್ಯರು ಕಂಡಿದ್ದಾರೆ.

ಈ ಕಷ್ಟ ಪರದೆಯೊಂದಿಗೆ ಹುಟ್ಟಿದ್ದಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲಿ ಪ್ರಕಟಿಸಿದ ಕಸಬುದಾರರ ರೋಗಗಳ ಗ್ರಂಥದಲ್ಲಿ, ನವುರಾದ ಕೆಲಸ ಮಾಡುವವರ ಕಣ್ಣಿನ ದಣಿವನ್ನು ವರ್ಣಿಸಿದ್ದಾನೆ. ನಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರೂ ಅದನ್ನು ಬಲ್ಲರು. ಕೂದಲಿನಷ್ಟು ಸಣ್ಣ ಎಳೆ ಕಡಿದರೆ ಹುಡುಕಿ ಕೂಡಿಸಬೇಕಾದವರು ಅವರು. ಹಿರಿಯ ನೇಕಾರರೊಬ್ಬರು ಆಗಾಗ ಲಾಳಿ ಬಿಟ್ಟೆದ್ದು, ಹೊರಗೆ ನಿಂತು ನುಂಕೆಮಲೆಯತ್ತ ನೋಡುತ್ತಿದ್ದರು. ಕೇಳಿದ್ದಕ್ಕೆ, "ಕೈಗೆ ಕೂಲಿ ಸಿಗ್ತದೆ ಮೇಷ್ಟ್ರೇ, ಕಣ್ಣಿಗೂ ಏನಾದ್ರೂ ಕೊಡಬೇಕಲ್ಲ" ಎಂದರು. ಇಂದಿನ ಕಣ್ಣಿನ ತಜ್ಞರು ಹೇಳುವುದೂ ಇದನ್ನೇ: 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ವಸ್ತುವನ್ನು, 20 ಸೆಕೆಂಡು ನೋಡಿರಿ.

ಆದರೆ ನಾವು ಬಿಟ್ಟಿಯಾಗಿ ದೊರೆಯುವ ಮದ್ದನ್ನು ಬಿಟ್ಟು, ಅಂಗಡಿಯ ಮದ್ದಿಗೆ ಕೈಚಾಚುತ್ತೇವೆ. ನೀಲಿ ಬೆಳಕನ್ನು ತಡೆಯುವ ಕನ್ನಡಕ ಧರಿಸಿದರೆ ಸಾಕೆಂಬ ನಂಬಿಕೆ ಹಬ್ಬಿದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ, ಅಂತಹ ಕನ್ನಡಕದಿಂದ ಕಣ್ಣಿನ ಬಳಲಿಕೆ ಅಲ್ಪಾವಧಿಯಲ್ಲಿ ಕಡಿಮೆಯಾಗುವುದು ಕಂಡುಬರಲಿಲ್ಲವೆಂದು ತಿಳಿಸಿತು. ಅಭ್ಯಾಸ ತಿದ್ದಬೇಕಾದಲ್ಲಿ ಹಣ ತೆತ್ತು ಪಾರಾಗುವುದು ವಿವೇಕವಲ್ಲವೆಂದು ನನ್ನ ಅಭಿಪ್ರಾಯ.

ಮೊಬೈಲನ್ನು ಬಿಸಾಡಿರೆಂದು ನಾನು ಹೇಳುವುದಿಲ್ಲ. ಊರಿನ ಗ್ರಂಥಾಲಯದಲ್ಲಿ ದೊರೆಯದ ಎಷ್ಟೋ ಪುಸ್ತಕಗಳು ಅದರಲ್ಲಿ ದೊರೆಯುತ್ತವೆ. ಅದನ್ನು ಮೊಳಕೈ ಉದ್ದಕ್ಕೆ ಹಿಡಿಯಿರಿ. ಕತ್ತಲಲ್ಲಿ ಹೊದಿಕೆಯೊಳಗೆ ನೋಡಬೇಡಿರಿ. ರೆಪ್ಪೆ ಮಿಟುಕಿಸುವುದನ್ನು ಮರೆಯಬೇಡಿರಿ. ಕಣ್ಣು ಮಂಜಾದರೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿರಿ, ಅದರಲ್ಲಿ ನಾಚಿಕೆಯಿಲ್ಲ.

ಚಳ್ಳಕೆರೆಯ ಸುತ್ತ ದೃಷ್ಟಿ ಹರಿಯುವಷ್ಟು ದೂರ ಬಯಲಿದೆ. ಕುರಿ ಕಾಯುವವನು ದಿನವೂ ಅದರಂಚನ್ನು ನೋಡುತ್ತಾನೆ. ಮಳೆ ಕಡಿಮೆಯಾದ ನಮ್ಮ ಸೀಮೆಗೆ ಪ್ರಕೃತಿ ಧಾರಾಳವಾಗಿ ಕೊಟ್ಟ ಸಂಪತ್ತು ಈ ದೂರ. ಸಂಜೆ ಪರದೆಯನ್ನು ಕೆಳಗಿಟ್ಟು ಬಯಲಿಗೆ ಬನ್ನಿರಿ, ತಲೆಯೆತ್ತಿ ನೋಡಿರಿ.