ಮೊದಲು ಒಡಲೋ, ಮೊದಲು ಮನಸ್ಸೋ

ತಾವೊ ಧರ್ಮದ ಒಳಸಾಧನೆಗಳಲ್ಲಿ ಎಲ್ಲಕ್ಕಿಂತ ವಿಸ್ತಾರವಾಗಿ ಬೆಳೆದದ್ದು ನೈದಾನ್, ಅಂದರೆ ಒಳಗಿನ ರಸವಿದ್ಯೆ. ಇಲ್ಲಿ ಸಾಧಕನ ಒಡಲೇ ಕುಲುಮೆ, ಉಸಿರೇ ತಿದಿ. ಮೂಸೆಯಲ್ಲಿ ಲೋಹದ ಬದಲು ಕಾಯುವುದು ಅವನದೇ ಸತ್ವ, ಪ್ರಾಣ ಮತ್ತು ಚೇತನ. ಚೀನೀ ಹೆಸರುಗಳಲ್ಲಿ ಜಿಂಗ್, ಚಿ, ಶೆನ್. ಈ ಮೂರನ್ನೂ ಹಂತ ಹಂತವಾಗಿ ಶೋಧಿಸಿ ಒಂದುಮಾಡಿದರೆ ಸಾವನ್ನು ಮೀರಿದ ಸ್ಥಿತಿ ಕೈಗೂಡುತ್ತದೆ ಎಂಬುದನ್ನು ಎಲ್ಲ ಪಂಥಗಳೂ ಒಪ್ಪುತ್ತವೆ. ತಕರಾರು ಇರುವುದು ಅನುಕ್ರಮದ ಬಗ್ಗೆ. ಮನುಷ್ಯನಲ್ಲಿ ಪಳಗಿಸಬೇಕಾದ್ದು ಎರಡು: ಶಿಂಗ್ ಎಂಬ ಮೂಲ ಸ್ವಭಾವ, ಅಂದರೆ ಮನಸ್ಸಿನ ತಿರುಳು, ಮಿಂಗ್ ಎಂಬ ಜೀವಶಕ್ತಿ, ಅಂದರೆ ಒಡಲಿನ ಆಯುಸ್ಸು. ಎರಡೂ ಬೇಕು, ಆದರೆ ಮೊದಲು ಯಾವುದು? ಸುಮಾರು ಸಾವಿರ ವರ್ಷಗಳ ಪಂಥಭೇದಗಳಲ್ಲಿ ದೊಡ್ಡ ಪಾಲು ಈ ಪ್ರಶ್ನೆಯನ್ನು ಸುತ್ತಿಕೊಂಡೇ ಇದೆ.

ನೈದಾನ್‌ಗಿಂತ ಹಳೆಯ ಸಾಧನೆಗಳು ಬೇರೆ ಬೇರೆ ಕಡೆ ಹುಟ್ಟಿದವು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ್ದೆಂದು ಎಣಿಸಲಾಗುವ ‘ನೈಯೆ’ ಎಂಬ ಚಿಕ್ಕ ಪಠ್ಯ, ನೆಟ್ಟಗೆ ಕೂತು ಉಸಿರನ್ನು ಹದಮಾಡಿ ಮನಸ್ಸನ್ನು ತಿಳಿಗೊಳಿಸಿದರೆ ಪ್ರಾಣ ತಾನಾಗಿ ಬಂದು ನೆಲೆಸುತ್ತದೆ ಎಂದು ಕಲಿಸಿತು. ‘ಜುವಾಂಗ್‌ಜಿ’ ಗ್ರಂಥ ‘ಕೂತು ಮರೆಯುವುದು’ ಎಂಬ ಧ್ಯಾನವನ್ನು ಹೇಳಿತು. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಸಮಾಧಿಯೊಂದರಿಂದ 1970ರ ದಶಕದಲ್ಲಿ ಹೊರಬಂದ ರೇಷ್ಮೆ ಪಟದಲ್ಲಿ 44 ಜನ ಗಂಡಸರು, ಹೆಂಗಸರು ಮೈ ಬಾಗಿಸಿ, ಕೈ ಚಾಚಿ ವ್ಯಾಯಾಮ ಮಾಡುತ್ತಿದ್ದಾರೆ. ಕೆಲವು ಭಂಗಿಗಳಿಗೆ ಪ್ರಾಣಿಗಳ ಹೆಸರಿದೆ, ಕೆಲವಕ್ಕೆ ವಾಸಿಮಾಡುವ ಕಾಯಿಲೆಯ ಹೆಸರು. ದಾವ್‌ಯಿನ್ ಎಂಬ ಈ ಅಂಗಸಾಧನೆ ಆಗ ವೈದ್ಯಕ್ಕೇ ಹೆಚ್ಚು ಹತ್ತಿರವಾಗಿತ್ತು. ಉಸಿರನ್ನು ಸೂಕ್ಷ್ಮಗೊಳಿಸುತ್ತ, ಕೊನೆಗೆ ಗರ್ಭದಲ್ಲಿರುವ ಕೂಸಿನಂತೆ ಮೂಗು ಬಾಯಿಗಳ ಹಂಗಿಲ್ಲದೆ ಉಸಿರಾಡುವ ತಾಯ್‌ಶಿ ಅಭ್ಯಾಸ ಇನ್ನೊಂದು ಎಳೆ.

ಮೂರನೆಯ ಎಳೆ ದರ್ಶನದ್ದು. ಕ್ರಿ.ಶ. 364ರಿಂದ 370ರ ನಡುವೆ ಯಾಂಗ್ ಶಿ ಎಂಬಾತನಿಗೆ ಇರುಳ ಹೊತ್ತು ದಿವ್ಯವ್ಯಕ್ತಿಗಳು ಬಂದು ಗ್ರಂಥಗಳನ್ನು ಬರೆಸಿದರೆಂಬ ನಂಬಿಕೆಯಿಂದ ಶಾಂಗ್‌ಚಿಂಗ್ ಪಂಥ ಹುಟ್ಟಿತು. ನಾನ್‌ಜಿಂಗ್ ಸಮೀಪದ ಮಾವೊ ಬೆಟ್ಟ ಅದರ ನೆಲೆ. ಈ ಪಂಥದವರಿಗೆ ದೇಹವೇ ದೇವತೆಗಳ ಊರು. ಯಕೃತ್ತು, ಶ್ವಾಸಕೋಶ, ಗುಲ್ಮ, ಮೂತ್ರಪಿಂಡ ಒಂದೊಂದರಲ್ಲೂ ಒಬ್ಬ ದೇವತೆ ಇದ್ದು, ಆತನ ಹೆಸರು, ಎತ್ತರ, ಉಡುಪಿನ ಬಣ್ಣ ಎಲ್ಲವೂ ಗೊತ್ತುಮಾಡಿದ್ದು. ಸಾಧಕ ಕಣ್ಮುಚ್ಚಿ ಅವರನ್ನು ಒಬ್ಬೊಬ್ಬರಾಗಿ ನೋಡುತ್ತ ಹೋಗಬೇಕು, ಏಕೆಂದರೆ ದೇವತೆ ಮನೆ ಬಿಟ್ಟು ಹೊರಟರೆ ಆ ಅಂಗಕ್ಕೆ ಅಳಿವು. ‘ಹಳದಿ ಅಂಗಳದ ಗ್ರಂಥ’ ಈ ಸಾಧನೆಯ ಮುಖ್ಯ ಆಧಾರ. ಇದೇ ಪಂಥದ ಸಿಮಾ ಚೆಂಗ್‌ಜೆನ್ (647–735) ಜುವಾಂಗ್‌ಜಿಯ ‘ಮರೆಯುವಿಕೆ’ಯನ್ನು ಎತ್ತಿಕೊಂಡು, ಅದರ ಮೇಲೆ ಏಳು ಮೆಟ್ಟಿಲುಗಳ ಧ್ಯಾನಕ್ರಮ ಕಟ್ಟಿದ. ಅವನ ಬರವಣಿಗೆಯಲ್ಲಿ ಬೌದ್ಧ ಧ್ಯಾನದ ಪರಿಭಾಷೆ ಧಾರಾಳವಾಗಿ ಬೆರೆತಿದೆ.

ಕುಲುಮೆಯ ಭಾಷೆ ಬಂದದ್ದು ವೈದಾನ್‌ನಿಂದ, ಅಂದರೆ ನಿಜವಾದ ಬೆಂಕಿಯ ಮೇಲೆ ನಿಜವಾದ ಇಂಗಳೀಕ, ಪಾದರಸ, ಸೀಸಗಳನ್ನು ಬೇಯಿಸಿ ಅಮರತ್ವದ ಗುಳಿಗೆ ಮಾಡುವ ಹೊರಗಿನ ರಸವಿದ್ಯೆಯಿಂದ. ಗೆ ಹೊಂಗ್ (283–343) ಅದನ್ನೇ ಪರಮೋಚ್ಚ ಮಾರ್ಗ ಎಂದ. ಉಸಿರಾಟ, ವ್ಯಾಯಾಮಗಳೆಲ್ಲ ಆತನ ಲೆಕ್ಕದಲ್ಲಿ ಆಯುಸ್ಸು ತುಸು ಹೆಚ್ಚಿಸುವ ಉಪಾಯಗಳು ಮಾತ್ರ. ಆದರೆ ಗುಳಿಗೆ ನುಂಗಿದವರು ಸತ್ತರು. ತಾಂಗ್ ವಂಶದ ಮುಜೊಂಗ್ (824), ವುಜೊಂಗ್ (846) ಮುಂತಾದ ಚಕ್ರವರ್ತಿಗಳ ಸಾವಿಗೆ ಈ ಮದ್ದುಗಳೇ ಕಾರಣ ಎಂದು ಇತಿಹಾಸಕಾರರು ಬರೆದಿದ್ದಾರೆ. ವಿಷಕ್ಕೆ ಹೆದರಿ ತಾವೊ ಸಾಧಕರು ಕುಲುಮೆಯನ್ನು ಹೊಟ್ಟೆಯೊಳಕ್ಕೆ ಒಯ್ದರು ಎಂಬ ವಿವರಣೆ ಬಲು ಜನಪ್ರಿಯ. ಅದರಲ್ಲಿ ಹುರುಳಿದೆಯಾದರೂ ಅದೊಂದೇ ಸಾಲದು. ವೇ ಬೊಯಾಂಗ್‌ನದೆಂದು ಪ್ರತೀತಿ ಇರುವ ‘ಸಾನ್‌ತೊಂಗ್ ಚಿ’ ಗ್ರಂಥ ರಸವಿದ್ಯೆಯನ್ನು ಆಗಲೇ ಯಿನ್-ಯಾಂಗ್, ಹಗಲಿರುಳು, ಚಂದ್ರನ ವೃದ್ಧಿಕ್ಷಯಗಳ ಲೆಕ್ಕಕ್ಕೆ ಹೊಂದಿಸಿತ್ತು. ಸೀಸ ಎಂದರೆ ಸೀಸವೇ ಆಗಬೇಕಿಲ್ಲ, ವಿಶ್ವದ ಒಂದು ತತ್ವ ಎಂದಾದ ಮೇಲೆ ಅದನ್ನು ದೇಹದೊಳಗೆ ಹುಡುಕುವುದು ಕಷ್ಟವಾಗಲಿಲ್ಲ.

ಹೀಗೆ ರೂಪುಗೊಂಡ ವಿದ್ಯೆಗೆ ಕ್ರಮ ಕೊಟ್ಟದ್ದು, ಪುರಾಣಪುರುಷರಾದ ಜೊಂಗ್‌ಲಿ ಚ್ವಾನ್ ಮತ್ತು ಅವನ ಶಿಷ್ಯ ಲ್ಯು ದೊಂಗ್‌ಬಿನ್ ಹೆಸರಿನಲ್ಲಿ ಚಲಾವಣೆಗೆ ಬಂದ ಗುರುಶಿಷ್ಯ ಸಂವಾದಗಳು. ಮುಂದಿನ ಬಹುತೇಕ ಪಂಥಗಳು ಈ ಇಬ್ಬರನ್ನೂ ತಮ್ಮ ಮೂಲಗುರುಗಳೆಂದು ಹೇಳಿಕೊಂಡವು. ಇಲ್ಲಿನ ಮೂಲ ತರ್ಕ ಹೀಗಿದೆ. ಮನುಷ್ಯ ಹುಟ್ಟಿದಂದಿನಿಂದ ಅವನೊಳಗಿನ ಬೆಂಕಿ ಮೇಲಕ್ಕೇರಿ ಆರುತ್ತದೆ, ನೀರು ಕೆಳಗಿಳಿದು ಸೋರುತ್ತದೆ. ಮುಪ್ಪು ಎಂದರೆ ಇಷ್ಟೇ. ಸಾಧನೆ ಈ ಹರಿವನ್ನು ತಿರುಗಿಸಬೇಕು. ‘ಯಿಜಿಂಗ್’ ಗ್ರಂಥದ ಚಿಹ್ನೆಗಳಲ್ಲಿ ನೀರಿನ ಗುರುತಾದ ಕಾನ್‌ಗೆ ಎರಡು ತುಂಡುಗೆರೆಗಳ ನಡುವೆ ಒಂದು ಇಡಿಗೆರೆ. ಬೆಂಕಿಯ ಗುರುತಾದ ಲಿಗೆ ಎರಡು ಇಡಿಗೆರೆಗಳ ನಡುವೆ ಒಂದು ತುಂಡುಗೆರೆ. ನೀರಿನೊಳಗಿನ ಇಡಿಗೆರೆಯನ್ನು ತೆಗೆದು ಬೆಂಕಿಯೊಳಗಿನ ತುಂಡುಗೆರೆಯ ಜಾಗದಲ್ಲಿಟ್ಟರೆ ಮೂರೂ ಇಡಿಯಾಗಿ, ಸ್ವರ್ಗದ ಗುರುತು ದೊರೆಯುತ್ತದೆ. ಮೂತ್ರಪಿಂಡದ ನೀರಿನಲ್ಲಿ ಅಡಗಿದ ನಿಜವಾದ ಯಾಂಗನ್ನು ಎದೆಯ ಬೆಂಕಿಯಲ್ಲಿ ಅಡಗಿದ ಯಿನ್ ಜೊತೆ ಕೂಡಿಸುವುದು ಎಂದರೆ ಇದೇ.

ದೇಹದಲ್ಲಿ ಇದಕ್ಕೆ ಮೂರು ನೆಲೆಗಳಿವೆ. ಇವುಗಳಿಗೆ ದಾನ್‌ತಿಯೆನ್ ಎಂದು ಹೆಸರು: ಹೊಕ್ಕುಳ ಕೆಳಗೆ ಒಂದು, ಎದೆಯಲ್ಲಿ ಒಂದು, ತಲೆಯಲ್ಲಿ ಒಂದು. ಕೆಳಗಿನ ನೆಲೆಯಲ್ಲಿ ಕಾವು ಕೂಡಿದ ಮೇಲೆ ಪ್ರಾಣ ಬೆನ್ನಹುರಿಯ ಗುಂಟ ದು ನಾಡಿಯಲ್ಲಿ ಏರುತ್ತದೆ. ದಾರಿಯಲ್ಲಿ ಮೂರು ಬಿಗಿ ಬಾಗಿಲು: ಬಾಲಮೂಳೆ, ನಡುಬೆನ್ನು, ತಲೆಯ ಹಿಂಭಾಗ. ನೆತ್ತಿ ಮುಟ್ಟಿ, ಮುಂಭಾಗದ ರೆನ್ ನಾಡಿಯಲ್ಲಿ ಇಳಿದು ಮತ್ತೆ ಹೊಟ್ಟೆ ಸೇರುತ್ತದೆ. ನಾಲಗೆಯನ್ನು ಅಂಗುಳಕ್ಕೆ ತಾಗಿಸುವುದು ಎರಡು ನಾಡಿಗಳ ನಡುವಿನ ಸೇತುವೆ. ಹಠಯೋಗದ ಕುಂಡಲಿನಿ, ಖೇಚರಿಗಳನ್ನು ಬಲ್ಲವರಿಗೆ ಇದು ಪರಿಚಿತ ಎನಿಸುವುದು ಸಹಜ. ಹೋಲಿಕೆ ನಿಜ, ಆದರೆ ಅಲ್ಲಿ ಒತ್ತು ಏರಿಕೆಯ ಮೇಲೆ. ಇಲ್ಲಿ ಸುತ್ತು ಪೂರ್ತಿಯಾಗಿ ಕೆಳಗೆ ಮರಳಲೇಬೇಕು. ಉಸಿರಿನ ಬಿಗಿ-ಸಡಿಲ, ಗಮನದ ತೀವ್ರತೆಯನ್ನು ‘ಬೆಂಕಿಯ ಹದ’ ಎನ್ನುತ್ತಾರೆ. ಗ್ರಂಥಗಳು ಬೇಕೆಂದೇ ಮುಚ್ಚಿಟ್ಟು, ಗುರುವಿನ ಬಾಯಿಂದಲೇ ತಿಳಿಯಬೇಕೆಂದು ಬಿಟ್ಟ ಭಾಗ ಇದು. ಮುಂದಿನ ಕಾಲದ ಕೈಪಿಡಿಗಳು ಹಂತಗಳಿಗೆ ಅವಧಿಯನ್ನೂ ಕೊಟ್ಟವು: ಅಡಿಪಾಯಕ್ಕೆ ನೂರು ದಿನ, ಒಳಗೆ ‘ಅಮರ ಶಿಶು’ ಬಲಿಯಲು ಹತ್ತು ತಿಂಗಳು, ಅದರ ಪಾಲನೆಗೆ ಮೂರು ವರ್ಷ, ಶೂನ್ಯದಲ್ಲಿ ನೆಲೆನಿಲ್ಲಲು ಒಂಬತ್ತು ವರ್ಷ.

ಈ ಭೂಗೋಳವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಬೀಜಿಂಗ್‌ನ ಬಾಯ್‌ಯುನ್ ಮಠದಲ್ಲಿ 1886ರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ‘ನೈಜಿಂಗ್ ತು’ ಚಿತ್ರ. ದೂರದಿಂದ ಅದು ಬೆಟ್ಟ, ತೊರೆಗಳ ನೋಟ. ಹತ್ತಿರ ಬಂದರೆ ಕೂತ ಮನುಷ್ಯನ ಪಕ್ಕನೋಟ. ಬೆನ್ನುಮೂಳೆಯೇ ಕಡಿದಾದ ಕಣಿವೆ. ಬುಡದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ನೀರೆತ್ತುವ ಚಕ್ರವನ್ನು ಕಾಲಲ್ಲಿ ತುಳಿಯುತ್ತಿದ್ದಾರೆ, ನೀರು ಮೇಲಕ್ಕೆ ಹರಿಯುತ್ತಿದೆ. ಹೊಟ್ಟೆಯ ಹೊಲದಲ್ಲಿ ಎತ್ತು ಉಳುತ್ತಿದೆ. ಮೂತ್ರಪಿಂಡದ ಜಾಗದಲ್ಲಿ ನೂಲುವ ಹೆಣ್ಣು, ಎದೆಯ ಬಳಿ ದನಗಾಹಿ ಹುಡುಗ. ಚೀನೀ ಜಾನಪದದಲ್ಲಿ ಆಕಾಶಗಂಗೆಯ ಎರಡು ದಡಗಳಲ್ಲಿ ಅಗಲಿ ನಿಂತ ಪ್ರೇಮಿಗಳು ಇವರು. ನೀರು-ಬೆಂಕಿಗಳ ಕೂಟವನ್ನು ಇದಕ್ಕಿಂತ ಚೆಲುವಾಗಿ ಹೇಳಿದ ಶಾಸ್ತ್ರವಾಕ್ಯ ಸಿಗುವುದು ಕಷ್ಟ. ತಲೆಯೊಳಗೆ ತಾವೊ ಧರ್ಮದ ಆದಿಗುರು ಲಾವ್‌ಜಿ ಕೂತಿದ್ದಾನೆ, ಅವನ ಕೆಳಗೆ ಕೈಯೆತ್ತಿ ನಿಂತ ಬೌದ್ಧ ಭಿಕ್ಷು.

ಒಡಲು ಮೊದಲು ಎಂದ ದಕ್ಷಿಣ ಪರಂಪರೆ ಜಾಂಗ್ ಬೊದ್ವಾನ್‌ನಿಂದ ಶುರುವಾಗುತ್ತದೆ. ಅವನು ಸರ್ಕಾರಿ ಕಚೇರಿಯ ಗುಮಾಸ್ತ. ಅವನ ಬಗ್ಗೆ ಒಂದು ಕಥೆಯಿದೆ. ಊಟಕ್ಕೆ ಬಂದ ಮೀನು ಕಾಣೆಯಾಯಿತೆಂದು ಕೆಲಸದ ಹುಡುಗಿಯ ಮೇಲೆ ಸಂಶಯಪಟ್ಟ, ಅವಳು ನೇಣು ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ತೊಲೆಯಿಂದ ಹುಳ ಉದುರಿದಾಗ, ಗೆಳೆಯರು ತಮಾಷೆಗೆಂದು ಮೀನನ್ನು ಅಲ್ಲಿ ಬಚ್ಚಿಟ್ಟಿದ್ದರೆಂದು ತಿಳಿಯಿತು. ತಾನು ಬರೆದ ಕಡತಗಳಲ್ಲಿ ಇಂಥ ಅನ್ಯಾಯಗಳೆಷ್ಟೋ ಎಂದುಕೊಂಡು ಎಲ್ಲವನ್ನೂ ಸುಟ್ಟು, ಗಡೀಪಾರಾದನಂತೆ. 1069ರಲ್ಲಿ ಚೆಂಗ್ದುವಿನಲ್ಲಿ ಗುರು ದೊರೆತನೆಂದು ಅವನೇ ಹೇಳಿಕೊಂಡಿದ್ದಾನೆ. ‘ವುಜೆನ್ ಪಿಯೆನ್’ ಎಂಬ ಅವನ ಪದ್ಯಸಂಗ್ರಹದ ಮುನ್ನುಡಿ 1075ರದು. ಮೊದಲು ಒಡಲ ಶಕ್ತಿಯನ್ನು ಗಟ್ಟಿಮಾಡು, ಆಮೇಲೆ ಧ್ಯಾನ ಬೌದ್ಧರ ದಾರಿಯಲ್ಲಿ ಸ್ವಭಾವವನ್ನು ಅರಿ ಎಂಬುದು ಅಲ್ಲಿನ ಕ್ರಮ. ಶಿ ತಾಯ್, ಶ್ವೆ ದಾವ್‌ಗ್ವಾಂಗ್, ಚೆನ್ ನಾನ್, ಬಾಯ್ ಯುಚಾನ್ ಇವನ ಸಾಲಿನವರು. ಈ ಗುರುಪರಂಪರೆಯನ್ನು ಹಿಂದಿನಿಂದ ಜೋಡಿಸಿದವರು ಬಾಯ್ ಯುಚಾನ್ ಕಾಲದವರೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ಮಠವಿಲ್ಲ, ಸನ್ಯಾಸದ ಕಡ್ಡಾಯವಿಲ್ಲ. ಇದು ಗೃಹಸ್ಥರ ನಡುವೆ ಕಿವಿಯಿಂದ ಕಿವಿಗೆ ಸಾಗಿದ ವಿದ್ಯೆ.

ಉತ್ತರದ ಚ್ವಾನ್‌ಜೆನ್ ಪಂಥ ಇದಕ್ಕೆ ತದ್ವಿರುದ್ಧ. ಅದರ ಸ್ಥಾಪಕ ವಾಂಗ್ ಚೊಂಗ್‌ಯಾಂಗ್ (1113–1170) ಜೊಂಗ್‌ನಾನ್ ಬೆಟ್ಟಗಳ ಬಳಿ ಗೋರಿ ತೋಡಿ, ಅದಕ್ಕೆ ‘ಬದುಕಿರುವ ಸತ್ತವನ ಸಮಾಧಿ’ ಎಂದು ಹೆಸರಿಟ್ಟು, ಎರಡು-ಮೂರು ವರ್ಷ ಅದರೊಳಗಿದ್ದ. 1167ರಲ್ಲಿ ತನ್ನ ಗುಡಿಸಲಿಗೆ ತಾನೇ ಬೆಂಕಿಯಿಟ್ಟು ಶಾನ್‌ದೊಂಗ್‌ಗೆ ನಡೆದ. ಅಲ್ಲಿ ಮಾ ಯು ಎಂಬ ಸಿರಿವಂತ ಮತ್ತು ಅವನ ಹೆಂಡತಿ ಸುನ್ ಬು-ಅರ್‌ಗೆ, ಹೋಳು ಮಾಡಿದ ಹಣ್ಣು ಕಳಿಸಿ ಕಳಿಸಿ, ಸಂಸಾರ ಬಿಟ್ಟು ಬೇರೆ ಬೇರೆಯಾಗಿ ಎಂದು ಸೂಚಿಸಿದ. ಇಬ್ಬರೂ ಅವನ ಏಳು ಪ್ರಮುಖ ಶಿಷ್ಯರಲ್ಲಿ ಸೇರಿದರು. ಬ್ರಹ್ಮಚರ್ಯ, ಭಿಕ್ಷೆ, ಮಠವಾಸ ಈ ಪಂಥದ ನಿಯಮ. ಮನಸ್ಸು ತಿಳಿಯಾಗದೆ ಪ್ರಾಣವನ್ನು ಆಡಿಸಹೊರಟರೆ ಅಪಾಯ, ಮನಸ್ಸು ತಿಳಿಯಾದರೆ ಪ್ರಾಣ ತಾನೇ ದಾರಿ ಹಿಡಿಯುತ್ತದೆ ಎಂಬುದು ಅದರ ನಿಲುವು. ಶಿಷ್ಯ ಚ್ಯು ಚುಜಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಎರಡು ವರ್ಷ ಪ್ರಯಾಣ ಮಾಡಿ, 1222ರಲ್ಲಿ ಹಿಂದೂಕುಶ್ ಬಳಿಯ ಪಾಳೆಯದಲ್ಲಿ ಚಂಗೀಸ್ ಖಾನನನ್ನು ಕಂಡ. ಸಾಯದಿರುವ ಮದ್ದು ತಂದಿದ್ದೀಯಾ ಎಂದು ಖಾನ ಕೇಳಿದ. ಜೀವ ಕಾಯುವ ದಾರಿಯಿದೆ, ಅಮರತ್ವದ ಮದ್ದಿಲ್ಲ ಎಂದು ಈತ ನೇರವಾಗಿ ಹೇಳಿದ. ಖಾನ ಮೆಚ್ಚಿ ಪಂಥಕ್ಕೆ ತೆರಿಗೆ ವಿನಾಯಿತಿ ಕೊಟ್ಟ. ಚ್ಯು ಚುಜಿಯ ಹೆಸರಿನ ಲೊಂಗ್‌ಮೆನ್ ಶಾಖೆಯೇ 17ನೇ ಶತಮಾನದಿಂದ ತಾವೊ ಮಠಗಳಲ್ಲಿ ಪ್ರಬಲವಾಯಿತು. ಅದಕ್ಕೆ ದೀಕ್ಷಾವ್ಯವಸ್ಥೆ ಕಟ್ಟಿದವನು ವಾಂಗ್ ಚಾಂಗ್‌ಯ್ವೆ.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿರುವ ದಕ್ಷಿಣ-ಉತ್ತರ ಭೇದ ಆಚರಣೆಯಲ್ಲಿ ಬೇಗ ಮಸುಕಾಯಿತು. ಯುವಾನ್ ವಂಶದ ಕಾಲದಲ್ಲಿ ದಕ್ಷಿಣದವರು ಚ್ವಾನ್‌ಜೆನ್ ಹೆಸರಿನಡಿ ಸೇರಿಕೊಂಡರು. 13ನೇ ಶತಮಾನದ ಕೊನೆಯ ಲಿ ದಾವ್‌ಚುನ್ ಎರಡನ್ನೂ ಬೆಸೆದ. ಅವನದನ್ನು ಮುಂದಿನವರು ಮಧ್ಯ ಪಂಥ ಎಂದು ಕರೆದರು. ಇನ್ನೊಂದು ಜಗಳ ಮಾತ್ರ ತಣಿಯಲೇ ಇಲ್ಲ. ‘ವುಜೆನ್ ಪಿಯೆನ್’ ಹೇಳುವ ಯಿನ್-ಯಾಂಗ್ ಕೂಟ ಒಬ್ಬನ ಒಡಲಿನೊಳಗಿನದೋ, ಗಂಡು-ಹೆಣ್ಣಿನ ನಡುವಿನದೋ? ಮಿಂಗ್ ವಂಶದ ಕಾಲದ ಲು ಶಿಶಿಂಗ್ ಎರಡನೆಯ ಅರ್ಥ ಹಿಡಿದ. ಅವನದು ಪೂರ್ವ ಪಂಥ. 19ನೇ ಶತಮಾನದಲ್ಲಿ ಸಿಚುವಾನ್‌ನ ಲಿ ಶಿಯ್ವೆ ಪಶ್ಚಿಮ ಪಂಥ ಕಟ್ಟಿದ. ಮಠದವರು ಜೋಡಿಸಾಧನೆಯನ್ನು ಕಟುವಾಗಿ ಖಂಡಿಸಿದರು. ಪಠ್ಯಗಳ ಭಾಷೆ ಎರಡೂ ಅರ್ಥಕ್ಕೆ ಎಡೆಕೊಡುವಂತಿರುವುದರಿಂದ ಈ ವಾದಕ್ಕೆ ಕೊನೆಯಿಲ್ಲ. ವು ಶೌಯಾಂಗ್ ಮತ್ತು ಲ್ಯು ಹ್ವಾಯಾಂಗ್ ಹೆಸರಿನ ವು-ಲ್ಯು ಪರಂಪರೆ ಮುಚ್ಚುಮರೆ ಬಿಟ್ಟು, ಮೈಯಲ್ಲಿ ಆಗುವುದನ್ನು ನೇರವಾಗಿ ಬರೆದದ್ದರಿಂದ ಜನಪ್ರಿಯವಾಯಿತು. ಇನ್ನೊಂದು ತುದಿಯಲ್ಲಿ ಗಾನ್ಸುವಿನ ಲ್ಯು ಯಿಮಿಂಗ್ (1734–1821), ನಾಡಿ, ನೆಲೆಗಳ ಮಾತನ್ನೆಲ್ಲ ಬದಿಗಿಟ್ಟು, ಇಡೀ ರಸವಿದ್ಯೆಯನ್ನು ಮನಸ್ಸಿನ ಶುದ್ಧಿಯಾಗಿ ಓದಿದ.

ಹೆಂಗಸರ ಸಾಧನೆಗೆ ನ್ಯುದಾನ್ ಎಂಬ ಪ್ರತ್ಯೇಕ ಶಾಸ್ತ್ರ ಬೆಳೆದದ್ದು 17ನೇ ಶತಮಾನದಿಂದ ಈಚೆಗೆ. ಗಂಡಿಗೆ ವೀರ್ಯ ಮೂಲದ್ರವ್ಯವಾದರೆ ಹೆಣ್ಣಿಗೆ ರಕ್ತ. ಗಂಡಿನ ಸಾಧನೆ ಹೊಟ್ಟೆಯಲ್ಲಿ ಶುರುವಾದರೆ ಹೆಣ್ಣಿನದು ಎದೆಯಲ್ಲಿ. ಮುಟ್ಟು ನಿಲ್ಲಿಸುವ ಹಂತಕ್ಕೆ ‘ಕೆಂಪು ಡ್ರ್ಯಾಗನ್ನಿನ ತಲೆ ಕಡಿಯುವುದು’ ಎಂದು ಹೆಸರು. ಅದಾದ ಮೇಲೆ ದಾರಿ ಇಬ್ಬರಿಗೂ ಒಂದೇ. ಈ ಪಠ್ಯಗಳನ್ನು ಬರೆದವರು, ಸಂಪಾದಿಸಿದವರು ಬಹುಪಾಲು ಗಂಡಸರು. ಹೆಣ್ಣು ಮನೆಯಲ್ಲಿದ್ದೇ, ನಡತೆ ಕಾಯ್ದುಕೊಂಡೇ ಸಾಧಿಸಬೇಕೆಂಬ ಬುದ್ಧಿವಾದ ಅವುಗಳಲ್ಲಿ ತುಂಬಿರುವುದಕ್ಕೆ ಅದೇ ಕಾರಣ.

20ನೇ ಶತಮಾನ ಗುರುಮುಖದ ಗುಟ್ಟನ್ನು ಅಚ್ಚಿಗೆ ತಂದಿತು. ಎಳೆವಯಸ್ಸಿನಲ್ಲಿ ಕ್ಷಯದಿಂದ ನರಳಿದ್ದ ಚೆನ್ ಯಿಂಗ್‌ನಿಂಗ್ (1880–1969) ಶಾಂಘೈನ ಪಾಕ್ಷಿಕವೊಂದರಲ್ಲಿ 1933ರಿಂದ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ, ನೈದಾನ್ ಅನ್ನು ಮತಾಚಾರದಿಂದ ಬಿಡಿಸಿ ಪ್ರಯೋಗವಿದ್ಯೆಯಂತೆ ಮುಂದಿಟ್ಟ. ಸುನ್ ಬು-ಅರ್ ಹೆಸರಿನ ಪದ್ಯಗಳಿಗೆ ವ್ಯಾಖ್ಯಾನವನ್ನೂ ಬರೆದ. ಲ್ಯು ದೊಂಗ್‌ಬಿನ್ ಹೆಸರಿನ ‘ಚಿನ್ನದ ಹೂವಿನ ರಹಸ್ಯ’ವನ್ನು ರಿಚರ್ಡ್ ವಿಲ್ಹೆಲ್ಮ್ ಜರ್ಮನ್‌ಗೆ ಅನುವಾದಿಸಿ 1929ರಲ್ಲಿ ಹೊರತಂದಾಗ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ವ್ಯಾಖ್ಯಾನ ಸೇರಿಸಿದ. ಪಶ್ಚಿಮದವರು ನೈದಾನ್ ಎಂದರೆ ಮನಶ್ಶಾಸ್ತ್ರ ಎಂದು ಬಹುಕಾಲ ತಿಳಿದದ್ದು ಇದರಿಂದ. ಚೀನಾದಲ್ಲಿ ಅದು ಆಸ್ಪತ್ರೆಯ ಕಡೆಗೆ ತಿರುಗಿತು: 1950ರ ದಶಕದಲ್ಲಿ ಲ್ಯು ಗ್ವೆಜೆನ್ ಉಸಿರಾಟದ ಅಭ್ಯಾಸಗಳನ್ನು ಚಿಗೊಂಗ್ ಹೆಸರಿನಲ್ಲಿ ಆರೋಗ್ಯಧಾಮಗಳ ಚಿಕಿತ್ಸೆಯಾಗಿಸಿದ. 1980ರ ದಶಕದಲ್ಲಿ ಉದ್ಯಾನಗಳಲ್ಲಿ ಜನ ನೆರೆದು ಅಭ್ಯಾಸ ಮಾಡುವಷ್ಟು ಅದು ಹಬ್ಬಿತು. 1999ರಲ್ಲಿ ಫಾಲುನ್ ಗೊಂಗ್ ಎಂಬ ಚಿಗೊಂಗ್ ಪಂಥ ನಿಷೇಧವಾದ ಬಳಿಕ ಸಾಮೂಹಿಕ ಚಿಗೊಂಗ್ ಕೂಟಗಳು ಚದುರಿದವು. ಸರ್ಕಾರದ ಕ್ರೀಡಾ ಇಲಾಖೆ 2003ರಲ್ಲಿ ಗೊತ್ತುಮಾಡಿದ ನಾಲ್ಕು ‘ಆರೋಗ್ಯ ಚಿಗೊಂಗ್’ ಕ್ರಮಗಳಲ್ಲಿ ಅಂಗಚಲನೆಯೂ ಉಸಿರೂ ಇವೆ. ಅಮರ ಶಿಶುವಿನ ಸುದ್ದಿಯಿಲ್ಲ.