ಬಾಸ್ ಬೇಡ, ಬಟ್ಟಲು ನೋಡಿ

ಯಲಬುರ್ಗಾದ ಪಾಲಕರೊಬ್ಬರು ಪತ್ರ ಬರೆದಿದ್ದಾರೆ. ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಪಾಠಗಳನ್ನು ಮೊಬೈಲಿನಲ್ಲಿ ಕೇಳುತ್ತಾಳೆ. ಮನೆ ಮುಖ್ಯ ರಸ್ತೆಗೆ ಅಂಟಿಕೊಂಡೇ ಇದೆ. ‘ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಬೇಕು ಎನ್ನುತ್ತಾಳೆ. ಒಂದೂವರೆ ಸಾವಿರ ರೂಪಾಯಿಯ ಮೇಲೆ ಹಾಕುವ ಶಕ್ತಿ ನನಗಿಲ್ಲ. ಅಂಗಡಿಯಲ್ಲಿ ಕೇಳಿದರೆ ಇದರ ಬಾಸ್ ಚಲೋ, ಅದರ ಬಾಸ್ ಇನ್ನೂ ಚಲೋ ಎಂದಷ್ಟೇ ಹೇಳುತ್ತಾರೆ. ಪಾಠ ಕೇಳುವವರಿಗೆ ಬಾಸ್ ಯಾತಕ್ಕೆ?’ ಎಂದು ಅವರ ಪ್ರಶ್ನೆ. ಇದೇ ಅರ್ಥದ ಇನ್ನೆರಡು ಪತ್ರಗಳು ಕುಷ್ಟಗಿಯಿಂದಲೂ ಬಂದಿವೆ. ಹೀಗಾಗಿ ಈ ವಾರ ಬರೆಯಬೇಕೆಂದಿದ್ದ ಗ್ರಹಣದ ವಿಷಯವನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಹೆಸರಿನ ಅರ್ಥ ನೋಡೋಣ. ಹೆಡ್‌ಫೋನಿನ ಒಳಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಅದಕ್ಕೆ ತಂತಿಯ ಸುರುಳಿ ಅಂಟಿರುತ್ತದೆ, ಪಕ್ಕದಲ್ಲಿ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಪೊರೆ ಹಿಂದಕ್ಕೂ ಮುಂದಕ್ಕೂ ಓಲಾಡಿ ಗಾಳಿಯನ್ನು ನೂಕುತ್ತದೆ, ಅದೇ ಸದ್ದು. ಆದರೆ ಪೊರೆಗೆ ಎರಡು ಮುಖಗಳಿವೆಯಲ್ಲ? ಒಂದು ಮುಖದ ಸದ್ದು ಕಿವಿಗೆ, ಇನ್ನೊಂದು ಮುಖದ್ದು ಹೊರಕ್ಕೆ. ಹೊರಮುಖಕ್ಕೆ ಬರೀ ಜಾಲರಿ ಇಟ್ಟು ಬಿಟ್ಟರೆ ಅದು ಬೆನ್ನು ತೆರೆದ ಹೆಡ್‌ಫೋನ್. ಗಟ್ಟಿ ಬಟ್ಟಲಿನಿಂದ ಮುಚ್ಚಿದರೆ ಬೆನ್ನು ಮುಚ್ಚಿದ್ದು, ಅಂದರೆ ನಮ್ಮ ಹುಡುಗಿ ಕೇಳಿದ ಕ್ಲೋಸ್ಡ್-ಬ್ಯಾಕ್. ಸೋನಿ ಕಂಪನಿಯ ವಾಕ್‌ಮನ್ 1979ರಲ್ಲಿ ಬಂತು. ನಾನು ಬಿ.ಎಸ್ಸಿ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಒಬ್ಬನ ಬಳಿ ಮಾತ್ರ ಅಂಥದೊಂದಿತ್ತು. ಕಿವಿಯ ಮೇಲೆ ಸ್ಪಂಜಿನ ತುಂಡು, ಅಷ್ಟೇ. ಅವನು ಹಾಡು ಕೇಳಿದರೆ ಪಕ್ಕದ ಮಂಚದ ನಮಗೂ ಕೇಳುತ್ತಿತ್ತು, ನಮ್ಮ ಹರಟೆ ಅವನಿಗೂ ಕೇಳುತ್ತಿತ್ತು. ತೆರೆದ ಬೆನ್ನಿನ ಗುಣವೇ ಅದು.

ಮುಚ್ಚಿದ ಬೆನ್ನಿನ ಲಾಭ ಏನೆಂಬುದು ನನಗೆ ಪುಸ್ತಕದಿಂದ ತಿಳಿದಿತ್ತು. ಮನದಟ್ಟಾದದ್ದು ಮಾತ್ರ ಗಂಗಾವತಿಯ ಒಂದು ಮನೆಯಲ್ಲಿ.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಅಂಥ ಒಂದು ಮಿಲ್ಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು. ಮನೆಯೂ ಮಿಲ್ಲಿನ ಗೋಡೆಯ ಆಚೆಗೇ. ಹುಡುಗ ಒಂದು ದಿನ ತರಗತಿ ಮುಗಿದ ಮೇಲೆ ಬಂದು, ‘ಸರ, ರಾತ್ರಿ ಮಲಗಿದ್ರ ಕಿವ್ಯಾಗ ಗುಂಯ್ ಅಂತೈತ್ರಿ’ ಎಂದ. ಏನು ಮಾಡುತ್ತೀ ಎಂದು ಕೇಳಿದರೆ, ದಿನಕ್ಕೆ ಮೂರು ನಾಲ್ಕು ತಾಸು ಇಯರ್‌ಫೋನಿನಲ್ಲಿ ಪಾಠ ಕೇಳುತ್ತೇನೆ ಎಂದ. ಆ ಭಾನುವಾರ ಅವರ ಮನೆಗೆ ಹೋದೆ. ಮಿಲ್ಲು ನಡೆಯುತ್ತಿತ್ತು. ಅವನ ಮೊಬೈಲಿನ ಧ್ವನಿ ಹದಿನೈದು ಮೆಟ್ಟಿಲಿನಲ್ಲಿ ಹದಿನಾಲ್ಕಕ್ಕೆ ನಿಂತಿತ್ತು.

ನಾನು ಒಯ್ದಿದ್ದ ಬಟ್ಟಲಿನ ಹೆಡ್‌ಫೋನ್ ಹಾಕಿಸಿ, ‘ಮಾತು ಆರಾಮಾಗಿ ತಿಳಿಯೋವಷ್ಟಕ್ಕೆ ಇಳಿಸು’ ಎಂದೆ. ಒಂಬತ್ತಕ್ಕೆ ಇಳಿಸಿದ. ‘ನೋಡು, ಐದು ಮೆಟ್ಟಿಲು ಉಳೀತು’ ಎಂದು ನಾನು ಹಿಗ್ಗಿದೆ. ಹುಡುಗ ತುಸು ಹೊತ್ತು ಸುಮ್ಮನಿದ್ದು, ‘ಸರ, ಇದು ಅದಕ್ಕಿಂತ ಜೋರಾಗಿ ಕೇಳೋ ಮಾಲ್ ಇದ್ರೂ ಇದ್ದೀತಲ್ರಿ. ಸಪ್ಪಳ ತಡದದ್ದಕ್ಕ ಇಳೀತು ಅಂತ ಹೆಂಗ ಅನ್ನೋದು?’ ಎಂದ. ಮೂವತ್ತು ವರ್ಷ ಪ್ರಯೋಗ ಮಾಡಿಸಿದವನಿಗೆ ವಿದ್ಯಾರ್ಥಿ ಹಿಡಿದ ತಪ್ಪು ಅದು, ಒಪ್ಪಿಕೊಂಡೆ. ಒಂದೇ ಮೆಟ್ಟಿಲಿನಲ್ಲಿ ಎರಡು ಹೆಡ್‌ಫೋನುಗಳು ಬೇರೆ ಬೇರೆ ಜೋರಿನಲ್ಲಿ ಕೂಗುತ್ತವೆ. ಹಾಗಾಗಿ ಒಂದನ್ನು ಇನ್ನೊಂದರ ಜೊತೆ ಹೋಲಿಸಬಾರದು. ಪ್ರತಿಯೊಂದನ್ನೂ ಅದರ ಜೊತೆಗೇ, ಸದ್ದಿಲ್ಲದಾಗ ಒಮ್ಮೆ, ಸದ್ದಿದ್ದಾಗ ಒಮ್ಮೆ ಹೋಲಿಸಬೇಕು.

ಊಟದ ಹೊತ್ತಿಗೆ ಮಿಲ್ಲು ನಿಂತಿತು. ಮತ್ತೆ ಅಳೆದೆವು. ಇಯರ್‌ಫೋನ್ ಈಗ ಏಳನೆಯ ಮೆಟ್ಟಿಲಿಗೇ ಸಾಕಾಯಿತು. ಬಟ್ಟಲಿನದು ಕೂಡ ಏಳಕ್ಕೆ. ಅಂದರೆ ಮಿಲ್ಲು ಶುರುವಾದರೆ ಇಯರ್‌ಫೋನು ಏಳು ಮೆಟ್ಟಿಲು ಏರುತ್ತದೆ, ಬಟ್ಟಲಿನದು ಎರಡೇ ಮೆಟ್ಟಿಲು. ಮೆಟ್ಟಿಲು ಡೆಸಿಬೆಲ್ ಅಲ್ಲ, ಇದು ಒರಟು ಅಳತೆಯೇ. ಆದರೆ ಹೆಡ್‌ಫೋನ್ ಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತವಾದ ಅಳತೆ ಯಾವ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದಿಲ್ಲ. ಯಾವುದನ್ನು ಹಾಕಿಕೊಂಡರೆ ಗದ್ದಲದಲ್ಲಿ ಅತಿ ಕಡಿಮೆ ಏರಿಸಬೇಕೋ ಅದೇ ಒಳ್ಳೆಯ ಬಟ್ಟಲು.

ಈ ಮೆಟ್ಟಿಲಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ಡೆಸಿಬೆಲ್ಲಿನ ಲೆಕ್ಕ ಸಾದಾ ಕೂಡಿಸುವ ಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದೇ 40 ತಾಸಿಗೆ 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಾಗಲೆಲ್ಲ ತಾಸು ಅರ್ಧವಾಗುತ್ತದೆ. ದೊಡ್ಡವರ ಲೆಕ್ಕವನ್ನೇ ಹಿಡಿಯಿರಿ: 83ಕ್ಕೆ 20 ತಾಸು, 86ಕ್ಕೆ 10 ತಾಸು. ಹೀಗೇ ಹೋದರೆ 95ಕ್ಕೆ ವಾರಕ್ಕೆ ಒಂದೂಕಾಲು ತಾಸು. ನಮ್ಮ ಹುಡುಗ ಒಂದು ದಿನದಲ್ಲೇ ಕೇಳುವುದು ಅದಕ್ಕಿಂತ ಹೆಚ್ಚು. ಬಟ್ಟಲು ಹೊರಗಿನ ಸದ್ದನ್ನು ಹದಿನೈದು ಡೆಸಿಬೆಲ್ಲಿನಷ್ಟು ತಡೆದು, ಅವನು ಅಷ್ಟೇ ಇಳಿಸಿ ಕೇಳಿದರೆ ಕಿವಿಗೆ ಬೀಳುವ ಶಕ್ತಿ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಾಗುತ್ತದೆ.

ಒಳಗಿವಿಯ ಶಂಖದಲ್ಲಿ ಸಾವಿರಾರು ರೋಮಕೋಶಗಳಿವೆ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಗದ್ದಲಕ್ಕೆ ಮೊದಲು ಬಲಿಯಾಗುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಸ, ಶ, ತ, ಕ ಇವುಗಳ ವ್ಯತ್ಯಾಸ ಹೇಳುವ ಸದ್ದು ಹೆಚ್ಚಾಗಿ ಎತ್ತರದ ಸ್ವರಗಳಲ್ಲೇ ಇರುತ್ತದೆ. ಅದಕ್ಕೇ ಇಂಥವರಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಈಗ ಅಂಗಡಿಗೆ ಹೋಗೋಣ. ಪೆಟ್ಟಿಗೆಯ ಮೇಲೆ 20ರಿಂದ 20,000 ಹರ್ಟ್ಸ್ ಎಂದು ಬರೆದಿರುತ್ತದೆ. ಹೆಚ್ಚುಕಡಿಮೆ ಎಲ್ಲದರ ಮೇಲೂ ಬರೆದಿರುವುದರಿಂದ ಆಯ್ಕೆಗೆ ಉಪಯೋಗವಿಲ್ಲ. ಸಾವಿರ ಮಿಲಿವ್ಯಾಟ್ ಎಂದು ದಪ್ಪ ಅಕ್ಷರದಲ್ಲಿದ್ದರೆ ಅದು ಸುಟ್ಟುಹೋಗದೆ ತಾಳುವ ಮಿತಿ ಮಾತ್ರ. ಒಂದು ಲೆಕ್ಕ ಮಾಡಿ ನೋಡಿ. ಸೋನಿಯ ಎಂಡಿಆರ್-ಝಡ್‌ಎಕ್ಸ್110 ಎಂಬ ಅಗ್ಗದ ಮಾದರಿಗೆ ಇಂಪೀಡೆನ್ಸ್ 24 ಓಮ್, ಒಂದು ಮಿಲಿವ್ಯಾಟಿಗೆ 98 ಡೆಸಿಬೆಲ್. ಮೊಬೈಲು ಅರ್ಧ ವೋಲ್ಟ್ ಕೊಟ್ಟಿತೆನ್ನಿ. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಸುಮಾರು 10 ಮಿಲಿವ್ಯಾಟ್. ಹತ್ತು ಪಟ್ಟು ಶಕ್ತಿಗೆ 10 ಡೆಸಿಬೆಲ್ ಕೂಡಿಸಿ: 108 ಡೆಸಿಬೆಲ್! ಕಿವಿ ಕೆಡಿಸಲು ಹತ್ತು ಮಿಲಿವ್ಯಾಟೇ ಸಾಕು, ಸಾವಿರಕ್ಕೆ ಯಾಕೆ ದುಡ್ಡು ಕೊಡಬೇಕು? ಇಂಪೀಡೆನ್ಸ್ 32 ಓಮ್ ಆಸುಪಾಸಿನಲ್ಲಿದ್ದರೆ ಮೊಬೈಲಿಗೆ ಹೊಂದುತ್ತದೆ, ಅಷ್ಟು ನೋಡಿದರೆ ಸಾಕು.

ನೋಡಬೇಕಾದದ್ದು ಮೆತ್ತೆ. ಬಟ್ಟಲಿನ ಅಂಚಿನ ಮೆತ್ತೆ ಕಿವಿಯ ಸುತ್ತ, ಕೆನ್ನೆಯ ಎಲುಬಿನ ಮೇಲೆ ಸಂದಿಲ್ಲದೆ ಕೂರಬೇಕು. ಸಂದಿ ಬಿದ್ದರೆ ಎರಡು ನಷ್ಟ: ಹೊರಗಿನ ಸದ್ದು ಒಳಬರುತ್ತದೆ, ಒಳಗಿನ ತಗ್ಗಿನ ಸ್ವರ ಸೋರಿಹೋಗುತ್ತದೆ. ಅಂಗಡಿಯವರು ಹೊಗಳುವ ಬಾಸ್‌ನ ಗುಟ್ಟೂ ಅರ್ಧ ಇಲ್ಲೇ ಇದೆ. ಹೆಡ್‌ಫೋನು ಒಂದೇ, ಅಂಟಿ ಕೂತ ತಲೆಗೆ ಗುಡುಗುತ್ತದೆ, ಕೂರದ ತಲೆಗೆ ತಗಡಿನಂತೆ ಕೇಳುತ್ತದೆ. ಆದ್ದರಿಂದ ಯಾರ ಕಿವಿಗೋ ಅವರೇ ಅಂಗಡಿಗೆ ಹೋಗಬೇಕು. ಕನ್ನಡಕ ಹಾಕುವವರು ಕನ್ನಡಕದ ಸಮೇತ, ಹುಡುಗಿಯರು ದಿನನಿತ್ಯದ ಓಲೆ, ಜುಮಕಿಗಳ ಸಮೇತ ಹಾಕಿ ನೋಡಿ. ಕನ್ನಡಕದ ಕಡ್ಡಿ ಮಾಡುವ ಸಂದಿ ಸಣ್ಣದೆನಿಸಿದರೂ ಸೋರಿಕೆ ಸಣ್ಣದಲ್ಲ.

ಹಾಡು ಹಚ್ಚುವ ಮೊದಲು ಬರೀ ಬಟ್ಟಲು ಹಾಕಿಕೊಂಡು ನಿಲ್ಲಿ. ಅಂಗಡಿಯ ಫ್ಯಾನಿನ ಸದ್ದು, ಹೊರಗಿನ ಹಾರ್ನು ಎಷ್ಟು ಇಳಿಯಿತು? ಅಂಗಡಿಯವನ ಮಾತು ಮಂಕಾಯಿತೇ? ಹಾರ್ನು, ಮಾತು ಚೆನ್ನಾಗಿ ಇಳಿಯುತ್ತವೆ. ಲಾರಿಯ, ಗಿರಣಿಯ ಗುಡುಗು ಅಷ್ಟು ಇಳಿಯುವುದಿಲ್ಲ. ಅದು ಹೆಡ್‌ಫೋನಿನ ದೋಷವಲ್ಲ. 100 ಹರ್ಟ್ಸ್ ಸದ್ದಿನ ಅಲೆ ಮೂರು ಮೀಟರಿಗೂ ಉದ್ದ; ಅದು ಹಗುರ ಬಟ್ಟಲನ್ನೇ ಮೆತ್ತೆಯ ಮೇಲೆ ಅಲುಗಿಸಿಕೊಂಡು ಒಳಗೆ ಬರುತ್ತದೆ. ಗುಡುಗನ್ನು ಎದುರು ಸದ್ದಿನಿಂದ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಯಂತ್ರಗಳಿವೆ. ನಮ್ಮ ಒಂದೂವರೆ ಸಾವಿರದಲ್ಲಿ ಆ ಹೆಸರಿಗೆ ಮರುಳಾಗಬೇಡಿ. ಎಷ್ಟೋ ಕಡೆ ಆ ಮಾತು ಬರೀ ಮೈಕಿಗೆ ಸಂಬಂಧಿಸಿದ್ದು, ನಿಮ್ಮ ಕಿವಿಗಲ್ಲ.

ಆಮೇಲೆ ಮಾತು ಕೇಳಿ, ಹಾಡಲ್ಲ. ನಿಮ್ಮ ಮೇಷ್ಟ್ರ ಪಾಠವನ್ನೇ ಹಚ್ಚಿ. ಸ-ಕಾರ ಚಿಟಿಕೆ ಮುಳ್ಳಿನಂತೆ ಚುಚ್ಚಿದರೆ ತಾಸುಗಟ್ಟಲೆ ಕೇಳಲಾಗುವುದಿಲ್ಲ. ದನಿ ಗಡಿಗೆಯೊಳಗಿಂದ ಬಂದಂತಿದ್ದರೂ ಬೇಡ. ಅಗ್ಗದ ಮುಚ್ಚಿದ ಬಟ್ಟಲುಗಳಿಗೆ ಈ ಗಡಿಗೆ ದೋಷ ಹೆಚ್ಚು, ಹಿಂದಿನ ಸದ್ದು ಬಟ್ಟಲಿಗೆ ಬಡಿದು ಮರಳುವುದರಿಂದ. ನಾನಂತೂ ಕೊನೆಗೆ ಭೀಮಸೇನ ಜೋಶಿಯವರ ಒಂದು ಖಯಾಲ್ ಹಚ್ಚಿ ಹಿಂದಿನ ತಂಬೂರಿಯನ್ನು ಹುಡುಕುತ್ತೇನೆ. ತಂಬೂರಿ ದನಿಯಿಂದ ಬೇರೆಯಾಗಿ ಕೇಳಿದರೆ ನನಗೆ ಸಾಕು. ಇದು ನನ್ನ ಚಟ, ಪಠ್ಯಕ್ರಮವಲ್ಲ. ಹದಿನೈದು ನಿಮಿಷ ತಲೆಯ ಮೇಲೆ ಇಟ್ಟುಕೊಂಡೇ ಇರಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಿವಿಯ ಮೇಲೆ ಕೂರುವ ಸಣ್ಣ ಬಟ್ಟಲು, ಕಿವಿಯನ್ನು ಸುತ್ತುವರಿಯುವ ದೊಡ್ಡ ಬಟ್ಟಲು, ಎರಡೂ ಬೆನ್ನು ಮುಚ್ಚಿದವೇ ಇರಬಹುದು. ಮೇಲೆ ಹೇಳಿದ ಸೋನಿ ಮಾದರಿ ಮೊದಲನೆಯ ಜಾತಿಯದು. ಹಗುರ, ಸುಮಾರು 120 ಗ್ರಾಂ. ಮೈಕ್ ಬೇಕಾದವರಿಗೆ ಹೆಸರಿನ ಕೊನೆಗೆ ‘ಎಪಿ’ ಎಂದಿರುವುದು. ಆದರೆ ಕಿವಿಯ ಮಡಿಕೆಗಳ ಮೇಲೆ ಕೂರುವುದರಿಂದ ಸದ್ದು ತಡೆಯುವುದು ಕಡಿಮೆ, ಒಂದು ತಾಸಿಗೆ ಕಿವಿಯ ಅಂಚು ನೋಯುತ್ತದೆ. ರಸ್ತೆಯ ಪಕ್ಕದ ಮನೆಗೆ ಸುತ್ತುವರಿಯುವ ಜಾತಿಯೇ ಮೇಲು. ಈ ಜಾತಿಯಲ್ಲಿ ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್‌ಗೆ ಒಳ್ಳೆಯ ಹೆಸರಿದೆ, ಆದರೆ ಅದು ನಮ್ಮ ಪಾಲಕರ ಮೊತ್ತಕ್ಕೆ ನಿಲುಕದು. ಒಂದೂವರೆ ಸಾವಿರದೊಳಗೆ ಹೆಸರು ನೋಡದೆ ಮೆತ್ತೆ ನೋಡಿ ಆರಿಸಿ. ರಬ್ಬರ್ ತುದಿಯ ಇಯರ್‌ಫೋನು ಸರಿಯಾಗಿ ಕೂತರೆ ಬಟ್ಟಲಿಗಿಂತಲೂ ಚೆನ್ನಾಗಿ ಸದ್ದು ತಡೆಯಬಲ್ಲದು, ಬೆಲೆಯೂ ಕಡಿಮೆ ಎಂಬುದನ್ನು ಮುಚ್ಚಿಡುವುದು ತಪ್ಪಾದೀತು. ಕಿವಿ ಸೋರುವವರಿಗೆ, ಗುಗ್ಗೆ ಕಟ್ಟುವವರಿಗೆ ಮಾತ್ರ ಅದು ಸಲ್ಲದು.

ಬ್ಲೂಟೂತ್ ಬೇಕೇ ವೈರು ಬೇಕೇ ಎಂದರೆ ಈ ಬೆಲೆಗೆ ನನ್ನ ಮತ ವೈರಿಗೆ. ಬ್ಯಾಟರಿಗೆ ಆಯುಷ್ಯವಿದೆ, ವೈರು ಪಿನ್ನಿನ ಬುಡದಲ್ಲಿ ತುಂಡಾದರೆ ಮೊಬೈಲು ರಿಪೇರಿಯವರು ಬೆಸೆದು ಕೊಡುತ್ತಾರೆ. ಕಳಚಿ ಬದಲಿಸುವ ವೈರಿದ್ದರೆ ಇನ್ನೂ ಚಲೋ. ನಿಮ್ಮ ಮೊಬೈಲಿನಲ್ಲಿ ಉರುಟು ಪಿನ್ನಿನ ತೂತು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಚಾರ್ಜಿನ ತೂತಿಗೆ ಸೇರುವ ಜೋಡಣೆ ಕೊಳ್ಳಬೇಕು, ಅದನ್ನೂ ಅಂಗಡಿಯಲ್ಲೇ ನಿಮ್ಮ ಮೊಬೈಲಿಗೆ ಹಚ್ಚಿ ನೋಡಬೇಕು. ಎಲ್ಲ ಜೋಡಣೆಗಳೂ ಎಲ್ಲ ಮೊಬೈಲಿಗೂ ಆಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಬೆವರು ಕುಡಿದು ಮೆತ್ತೆಯ ತೊಗಲು ಸಿಪ್ಪೆ ಏಳುತ್ತದೆ. ಸಿಪ್ಪೆ ಎದ್ದ ಮೆತ್ತೆ ಸದ್ದು ತಡೆಯದು, ಬದಲಿ ಮೆತ್ತೆ ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಪಾಲಕರಿಗೆ ಒಂದು ಮಾತು: ಬಟ್ಟಲು ಎಷ್ಟು ಒಳ್ಳೆಯದೋ ರಸ್ತೆಯಲ್ಲಿ ಅಷ್ಟೇ ಅಪಾಯ. ಸೈಕಲ್ಲಿನ ಮೇಲೆ, ರೈಲು ಹಳಿಯ ಹತ್ತಿರ ಕೊರಳಿಗೂ ಇರಬಾರದು, ಚೀಲದಲ್ಲಿರಬೇಕು.

ಗಂಗಾವತಿಯ ಆ ಮನೆಯ ಮಾತು ಅರ್ಧಕ್ಕೆ ನಿಂತಿತ್ತು. ನಾವು ಮೆಟ್ಟಿಲು ಎಣಿಸುತ್ತಿದ್ದಾಗ ಹುಡುಗನ ತಂದೆ ಊಟಕ್ಕೆ ಬಂದರು. ಮಗ ಉಮೇದಿಯಿಂದ, ‘ಅಪ್ಪಾ, ನೀನೂ ಹಾಕ್ಕೊಂಡು ನೋಡು’ ಎಂದು ಬಟ್ಟಲನ್ನು ಅವರ ತಲೆಗೇರಿಸಿ ಪಾಠ ಹಚ್ಚಿದ. ಮಿಲ್ಲು ನಿಂತಿತ್ತು, ಮನೆ ಶಾಂತವಾಗಿತ್ತು. ಏಳಕ್ಕೆ ಅವರು ತಲೆ ಅಲ್ಲಾಡಿಸಿದರು. ಹತ್ತಕ್ಕೂ ಅಲ್ಲಾಡಿಸಿದರು. ಹದಿಮೂರಕ್ಕೆ, ‘ದನಿ ಕೇಳತೈತ್ರಿ ಸರ. ಏನಂತಾನ ಅನ್ನೋದು ತಿಳಿವಲ್ದು’ ಎಂದರು. ಮಗ ನನ್ನ ಮುಖ ನೋಡಿದ.

ಮುಂದಿನ ವಾರ ಇಬ್ಬರೂ ಕೊಪ್ಪಳಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ, ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಹುಡುಗ ಎರಡೂ ನಕ್ಷೆಗಳನ್ನು ತಂದು ನನ್ನ ಮೇಜಿನ ಮೇಲೆ ಹರಡಿದ. ತಂದೆಯ ಗೆರೆ 4000 ಹರ್ಟ್ಸ್ ಬಂದಲ್ಲಿ ಬಾವಿಗೆ ಬಿದ್ದಂತೆ ಇಳಿದಿತ್ತು. ಮಗನದು ನೆಟ್ಟಗಿತ್ತು. ತಂದೆಗೆ ಶ್ರವಣಯಂತ್ರದ ಸಲಹೆಯಾಗಿದೆ. ಮಿಲ್ಲಿನಲ್ಲಿ ಈಗ ಕಿವಿಗೆ ಪ್ಲಗ್ ಇಟ್ಟುಕೊಂಡೇ ಕೆಲಸ ಮಾಡುತ್ತಾರಂತೆ. ನನ್ನ ಹೆಡ್‌ಫೋನು ಇನ್ನೂ ಆ ಹುಡುಗನ ಹತ್ತಿರವೇ ಇದೆ. ಯಲಬುರ್ಗಾದ ಪಾಲಕರು ಮಗಳನ್ನು ಕರೆದುಕೊಂಡು ಪೇಟೆಗೆ ಹೋಗುವ ಮೊದಲು ಮನೆಯಲ್ಲಿ ಅವಳು ಈಗಿರುವ ಇಯರ್‌ಫೋನನ್ನು ಎಷ್ಟನೆಯ ಮೆಟ್ಟಿಲಿನಲ್ಲಿ ಕೇಳುತ್ತಾಳೆ, ರಾತ್ರಿ ರಸ್ತೆ ಖಾಲಿಯಾದಾಗ ಎಷ್ಟು, ಬೆಳಿಗ್ಗೆ ಬಸ್ಸುಗಳು ಓಡುವಾಗ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಹೊಸದನ್ನು ತಂದ ಮೇಲೆ ಮತ್ತೆ ಬರೆದು, ಎರಡೂ ಚೀಟಿಗಳನ್ನು ನನಗೆ ಕಳಿಸಿದರೆ ಸಂತೋಷ.